ಹನಿ ಹನಿಗೂ ಒಂದು ಕಾವಲು

ಹತ್ತನೇ ತರಗತಿಯ ಹುಡುಗನೊಬ್ಬನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿದೆ ಎಂದುಕೊಳ್ಳಿ. ಸಂಜೆಯ ಹೊತ್ತಿಗೆ ಅವನನ್ನು ಸ್ಟ್ರೆಚರಿನಲ್ಲಿ ವಾರ್ಡಿಗೆ ತಂದು ಮಂಚದ ಮೇಲೆ ಮಲಗಿಸುತ್ತಾರೆ. ಅರಿವಳಿಕೆಯ ಮಂಪರು ಇನ್ನೂ ಪೂರ್ತಿ ಇಳಿದಿಲ್ಲ. ಎಡಗೈಗೆ ಅಂಟುಪಟ್ಟಿ, ಅದರೊಳಗಿನಿಂದ ಹೊರಟ ತೆಳ್ಳನೆಯ ಕೊಳವೆ, ಕೊಳವೆಯ ಇನ್ನೊಂದು ತುದಿಗೆ ಸ್ಟ್ಯಾಂಡಿನಲ್ಲಿ ತೂಗುವ ಬಾಟಲಿ. ತಂದೆಯ ಕಣ್ಣು ಬಾಟಲಿಯ ಮೇಲೆ. ಅದು ಖಾಲಿಯಾದರೆ ಗಾಳಿ ಒಳಗೆ ಹೋಗಿಬಿಟ್ಟೀತೆಂಬ ಹೆದರಿಕೆ. ತಾಯಿಯ ಕಣ್ಣು ಮಗನ ಕೈಯ ಮೇಲೆ. ಸೂಜಿ ಚುಚ್ಚಿಕೊಂಡೇ ಇದೆಯಲ್ಲ ಎಂಬ ಸಂಕಟ. ಹುಡುಗನೋ, ಕೈ ಅಲ್ಲಾಡಿಸಿದರೆ ಸೂಜಿ ಮುರಿದೀತೆಂದು ಕೊರಡಿನಂತೆ ಮಲಗಿದ್ದಾನೆ. ನೋಡಲು ಬಂದ ಅಜ್ಜಿ, "ಮಗು ಎಷ್ಟು ಸೊರಗಿದೆ, ಇನ್ನೊಂದು ಬಾಟ್ಲಿ ಗ್ಲೂಕೋಸ್ ಹಾಕಿಸ್ರಪ್ಪ" ಎನ್ನುತ್ತಾರೆ.

ಈ ನಾಲ್ವರ ಆತಂಕವೂ ಸಹಜವಾದದ್ದೇ. ಆದರೆ ಇವರು ಹೆದರುತ್ತಿರುವ ಸಂಗತಿಗಳಿಂದ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ತೊಂದರೆ ಬರುವುದು ಯಾರೂ ಗಮನಿಸದ ಸಣ್ಣ ಸಂಗತಿಗಳಿಂದ: ನಳಿಕೆಯ ಸುತ್ತ ಚರ್ಮ ಸ್ವಲ್ಪ ಕೆಂಪಾದದ್ದು, ನಡುರಾತ್ರಿ ಕೈ ಊದಿಕೊಂಡದ್ದು, ಮತ್ತೆ ಚುಚ್ಚುತ್ತಾರೆಂಬ ಭಯದಿಂದ ಹುಡುಗ ಬಾಯಿ ಬಿಡದೆ ಮಲಗಿದ್ದು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಮನೆಗೆ ಹೋದ ಮೇಲೆ ಇವನ್ನೆಲ್ಲ ಕಂಡುಹಿಡಿಯುವ ಹೊಣೆ ವಾರ್ಡಿನ ನರ್ಸ್‌ಗಳದು. ನಾವು 'ಡ್ರಿಪ್ಸ್ ಹಾಕುವುದು' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ಕೆಲಸದ ಹಿಂದೆ ಶಾಲೆಯ ಪಠ್ಯಪುಸ್ತಕದ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಇವೆ. ಅದಕ್ಕಿಂತ ಮುಖ್ಯವಾಗಿ, ಎಡೆಬಿಡದೆ ನೋಡುವ ಕಣ್ಣೊಂದಿದೆ.

ಒಳಗಿರುವುದು ಸೂಜಿಯಲ್ಲ

ಮೊದಲು ತಾಯಿಯ ಸಂಕಟವನ್ನು ಪರಿಹರಿಸೋಣ. ಹುಡುಗನ ಕೈಯೊಳಗೆ ಈಗ ಸೂಜಿ ಇಲ್ಲ. ಇರುವುದು ಮೃದುವಾದ, ಬಾಗಬಲ್ಲ, ಒಂದೆರಡು ಅಂಗುಲ ಉದ್ದದ ಪ್ಲಾಸ್ಟಿಕ್ ನಳಿಕೆ. ಇದರ ಹೆಸರು ಕ್ಯಾನುಲಾ. ಹಾಕುವಾಗ ಇದರೊಳಗೆ ಉಕ್ಕಿನ ಸೂಜಿಯೊಂದು ಇರುತ್ತದೆ. ಸೂಜಿಯ ತುದಿ ರಕ್ತನಾಳವನ್ನು ಹೊಕ್ಕ ಕೂಡಲೇ ಹಿಂಬದಿಯ ಪಾರದರ್ಶಕ ಭಾಗದಲ್ಲಿ ಒಂದು ಹನಿ ರಕ್ತ ಕಾಣಿಸುತ್ತದೆ. ಆಗ ಸೂಜಿಯನ್ನು ನಿಲ್ಲಿಸಿ, ನಳಿಕೆಯನ್ನಷ್ಟೇ ಮುಂದಕ್ಕೆ ಜಾರಿಸಿ, ಸೂಜಿಯನ್ನು ಪೂರ್ತಿಯಾಗಿ ಹೊರಗೆಳೆಯುತ್ತಾರೆ.

ಹಿಂದೆ ಹೀಗಿರಲಿಲ್ಲ. ಉಕ್ಕಿನ ಸೂಜಿಯನ್ನೇ ನಾಳದೊಳಗೆ ಬಿಟ್ಟು, ಕೈ ಅಲ್ಲಾಡದಂತೆ ಹಲಗೆಗೆ ಕಟ್ಟುತ್ತಿದ್ದರು. ಸ್ವಲ್ಪ ಮಿಸುಕಿದರೂ ಸೂಜಿಯ ತುದಿ ನಾಳದ ಗೋಡೆಯನ್ನು ತೂತು ಮಾಡುತ್ತಿತ್ತು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಅರಿವಳಿಕೆ ಶಾಸ್ತ್ರದ ತರಬೇತಿಯಲ್ಲಿದ್ದ ಡೇವಿಡ್ ಮಾಸಾ ಎಂಬ ಕಿರಿಯ ವೈದ್ಯರು 1950ರಲ್ಲಿ ಸೂಜಿಯ ಮೇಲೆ ಪ್ಲಾಸ್ಟಿಕ್ ನಳಿಕೆಯನ್ನು ತೊಡಿಸುವ ಉಪಾಯವನ್ನು ಪ್ರಕಟಿಸಿದರು. ಇಂದು ವಾರ್ಡುಗಳಲ್ಲಿ ಬಳಕೆಯಾಗುವ ಕ್ಯಾನುಲಾ ಆ ಉಪಾಯದ ಸುಧಾರಿತ ರೂಪ.

ಇನ್ನೊಂದು ಮಾತು. "ಸಿಸ್ಟರ್‌ಗೆ ನರ ಸಿಗ್ತಾ ಇಲ್ಲ" ಎಂದು ಜನ ಹೇಳುವುದುಂಟು. ನರವೆಂದರೆ ಮಿದುಳಿನ ಸಂದೇಶ ಸಾಗಿಸುವ ತಂತು. ಕ್ಯಾನುಲಾ ಹಾಕುವುದು ಅದಕ್ಕಲ್ಲ. ರಕ್ತವನ್ನು ಹೃದಯದ ಕಡೆಗೆ ಒಯ್ಯುವ ಅಭಿಧಮನಿಗೆ. ಚರ್ಮದ ಕೆಳಗೆ ನೀಲಿಯಾಗಿ ಕಾಣುವ ಗೆರೆಗಳು ಇವೇ. ಅಪಧಮನಿಗಳಿಗೆ ಹೋಲಿಸಿದರೆ ಇವುಗಳ ಗೋಡೆ ತೆಳು, ಒತ್ತಡವೂ ಬಹಳ ಕಡಿಮೆ. ಆದ್ದರಿಂದಲೇ ಮೇಲಿನಿಂದ ಇಳಿಯುವ ದ್ರವ ಇವುಗಳೊಳಗೆ ಸುಲಭವಾಗಿ ಸೇರುತ್ತದೆ.

ಕ್ಯಾನುಲಾಗಳ ಹಿಂಬದಿಯ ಬಣ್ಣವನ್ನು ಗಮನಿಸಿ. ಹಳದಿ, ನೀಲಿ, ಗುಲಾಬಿ, ಹಸಿರು, ಬೂದು, ಕಿತ್ತಳೆ. ಇದು ಅಂದಕ್ಕಾಗಿ ಹಚ್ಚಿದ ಬಣ್ಣವಲ್ಲ, ನಳಿಕೆಯ ದಪ್ಪವನ್ನು ತಿಳಿಸುವ ಅಂತರರಾಷ್ಟ್ರೀಯ ಸಂಕೇತ. ಅಳತೆಯನ್ನು 'ಗೇಜ್' ಎನ್ನುತ್ತಾರೆ. ಹಳದಿ 24, ನೀಲಿ 22, ಗುಲಾಬಿ 20, ಹಸಿರು 18, ಬೂದು 16, ಕಿತ್ತಳೆ 14. ಸಂಖ್ಯೆ ಹೆಚ್ಚಿದಷ್ಟೂ ನಳಿಕೆ ಸಣ್ಣದು. ಎಳೆಯ ಮಕ್ಕಳಿಗೆ ಹಳದಿ. ಶಸ್ತ್ರಚಿಕಿತ್ಸೆಗೆ ಹೋಗುವ ದೊಡ್ಡವರಿಗೆ ಸಾಮಾನ್ಯವಾಗಿ ಗುಲಾಬಿ ಇಲ್ಲವೆ ಹಸಿರು. ಏಕೆಂದರೆ ರಕ್ತಸ್ರಾವವಾದರೆ ದ್ರವವನ್ನೂ ರಕ್ತವನ್ನೂ ಬೇಗ ಕೊಡಬೇಕಾಗುತ್ತದೆ.

ದಪ್ಪದಲ್ಲಿ ಚೂರು ವ್ಯತ್ಯಾಸವಾದರೆ ಅಷ್ಟೇನು ಮಹಾ ಎನಿಸಬಹುದು. 1840ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಹಾಗೂ ಭೌತವಿಜ್ಞಾನಿ ಪ್ವಾಸೂಯಿ ಸಣ್ಣ ಕೊಳವೆಗಳಲ್ಲಿ ದ್ರವದ ಹರಿವನ್ನು ಅಳೆದು ಒಂದು ನಿಯಮ ಕಂಡುಕೊಂಡರು. ಹರಿವು ಕೊಳವೆಯ ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ. ಅಂದರೆ ತ್ರಿಜ್ಯ ಎರಡರಷ್ಟಾದರೆ ಹರಿವು ಹದಿನಾರರಷ್ಟು! ಹಾಗೆಂದು ಎಲ್ಲರಿಗೂ ದಪ್ಪ ನಳಿಕೆ ಹಾಕುವಂತಿಲ್ಲ. ಸಣ್ಣ ನಾಳದಲ್ಲಿ ದಪ್ಪ ನಳಿಕೆ ತುಂಬಿಕೊಂಡರೆ ಸುತ್ತ ರಕ್ತ ಹರಿಯಲು ಜಾಗವಿಲ್ಲದೆ ನಾಳದ ಒಳಗೋಡೆ ಉಜ್ಜಿ ಕೆರಳುತ್ತದೆ. ಕೆಲಸಕ್ಕೆ ಸಾಕಾಗುವಷ್ಟು ಸಣ್ಣದನ್ನು ಆರಿಸುವುದೇ ಜಾಣತನ.

ಕಾಲರಾ ಕಲಿಸಿದ ಪಾಠ

ರಕ್ತನಾಳಕ್ಕೆ ನೇರವಾಗಿ ದ್ರವ ಸೇರಿಸುವ ಯೋಚನೆ ಹಳೆಯದು. 1656ರ ಸುಮಾರಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಕ್ರಿಸ್ಟೋಫರ್ ರೆನ್ ಹಕ್ಕಿಯ ಗರಿಯ ದಂಟನ್ನು ಕೊಳವೆ ಮಾಡಿ, ಪ್ರಾಣಿಯ ಮೂತ್ರಕೋಶವನ್ನು ಚೀಲ ಮಾಡಿ, ನಾಯಿಯ ರಕ್ತನಾಳಕ್ಕೆ ದ್ರವ ಸೇರಿಸಿದ್ದರು. ಆದರೆ ಅದು ಮನುಷ್ಯರ ಜೀವ ಉಳಿಸುವ ಸಾಧನವಾಗುವ ದಾರಿ ತೆರೆದದ್ದು ಕಾಲರಾದಿಂದ.

1831ರಲ್ಲಿ ಬ್ರಿಟನ್ನಿಗೆ ಕಾಲರಾ ಕಾಲಿಟ್ಟಿತು. ಐರ್ಲೆಂಡಿನಲ್ಲಿ ಹುಟ್ಟಿದ 22 ವರ್ಷದ ವೈದ್ಯ ವಿಲಿಯಂ ಬ್ರೂಕ್ ಓಶಾಗ್ನೆಸಿ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರು ಮತ್ತು ಲವಣಗಳು ಕಡಿಮೆಯಾಗಿರುವುದನ್ನು ತೋರಿಸಿದರು. ಕಳೆದುಹೋದದ್ದನ್ನು ಮರಳಿ ಕೊಡಬೇಕು ಎಂಬುದು ಅವರ ವಾದ. 1832ರಲ್ಲಿ ಸ್ಕಾಟ್‌ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲಾಟಾ ಅದನ್ನು ಮಾಡಿಯೇ ತೋರಿಸಿದರು. ಇನ್ನೇನು ಪ್ರಾಣ ಹೋಯಿತು ಎಂಬಂತಿದ್ದ ವೃದ್ಧೆಯೊಬ್ಬರ ಅಭಿಧಮನಿಗೆ ಲವಣದ್ರಾವಣವನ್ನು ಸೇರಿಸುತ್ತ ಹೋದಂತೆ ಗುಳಿಬಿದ್ದ ಕಣ್ಣುಗಳಿಗೆ ಹೊಳಪು ಬಂತು, ತಣ್ಣಗಿದ್ದ ಕೈಕಾಲು ಬೆಚ್ಚಗಾದವು. ಆಕೆಯನ್ನು ಆಸ್ಪತ್ರೆಯವರ ವಶಕ್ಕೆ ಒಪ್ಪಿಸಿ ಲಾಟಾ ಹೊರಟರು. ಸ್ವಲ್ಪ ಹೊತ್ತಿಗೆ ವಾಂತಿಭೇದಿ ಮರುಕಳಿಸಿತು. ದ್ರವವನ್ನು ಮತ್ತೆ ಕೊಡಲಿಲ್ಲ. ಐದೂವರೆ ಗಂಟೆಗಳಲ್ಲಿ ಆಕೆ ತೀರಿಕೊಂಡರು.

ಈ ಘಟನೆಯಲ್ಲಿ ಎರಡು ಪಾಠಗಳಿವೆ. ನಾಳಕ್ಕೆ ಸೇರಿಸಿದ ದ್ರವ ಜೀವ ಉಳಿಸಬಲ್ಲದು ಎಂಬುದು ಒಂದು. ದ್ರವ ಕೊಟ್ಟು ಹೊರಟುಹೋದರೆ ಸಾಲದು, ಪಕ್ಕದಲ್ಲಿ ನಿಂತು ನೋಡುವವರು ಬೇಕು ಎಂಬುದು ಇನ್ನೊಂದು. ಎರಡನೆಯ ಪಾಠವೇ ಇಂದಿನ ಶುಶ್ರೂಷೆಯ ತಳಹದಿ. ಅಂದಹಾಗೆ, ಓಶಾಗ್ನೆಸಿ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ಕಲ್ಕತ್ತೆಗೆ ಬಂದರು. ಭಾರತದಲ್ಲಿ ಟೆಲಿಗ್ರಾಫ್ ತಂತಿ ಹಾಕಿಸಿದವರೂ ಅವರೇ.

ಬಾಟಲಿಯಲ್ಲಿ ಏನಿದೆ?

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ವೈದ್ಯರು ಹೇಳುವವರೆಗೆ ಬಾಯಿಯ ಮೂಲಕ ಏನನ್ನೂ ಕೊಡುವುದಿಲ್ಲ. ಆದರೆ ದೇಹ ಮೂತ್ರ, ಬೆವರು, ಉಸಿರುಗಳ ಮೂಲಕ ನೀರನ್ನು ಕಳೆದುಕೊಳ್ಳುತ್ತಲೇ ಇರುತ್ತದೆ. ಅದನ್ನು ತುಂಬಲು ಒಂದು ದಾರಿ ಬೇಕು. ಸೋಂಕು ತಡೆಯುವ ಔಷಧಿ, ನೋವಿನ ಔಷಧಿಗಳಿಗೂ ಅದೇ ದಾರಿ. ಅಕಸ್ಮಾತ್ ರಕ್ತದೊತ್ತಡ ಕುಸಿದರೆ ಆಗ ನಾಳ ಹುಡುಕುತ್ತ ಕೂರಲು ಸಮಯವಿರುವುದಿಲ್ಲ; ಮೊದಲೇ ತೆರೆದಿಟ್ಟ ಬಾಗಿಲು ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಬರೀ ಶುದ್ಧ ನೀರನ್ನೇ ಕೊಡಬಾರದೇಕೆ? ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಉಬ್ಬುತ್ತದೆ; ಪರಾಸರಣದ ಈ ಪ್ರಯೋಗವನ್ನು ಶಾಲೆಯಲ್ಲಿ ಮಾಡದವರಿಲ್ಲ. ಶುದ್ಧ ನೀರು ನೇರವಾಗಿ ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣಗಳೂ ಹಾಗೆಯೇ ಉಬ್ಬಿ ಒಡೆಯುತ್ತವೆ. ಗಟ್ಟಿ ಉಪ್ಪುನೀರು ಸೇರಿದರೆ ಮುದುಡುತ್ತವೆ. ಆದ್ದರಿಂದ ರಕ್ತದ ಸಾಂದ್ರತೆಗೆ ಹೊಂದುವ, ಒಂದು ಲೀಟರಿಗೆ 9 ಗ್ರಾಂ ಉಪ್ಪಿರುವ ಶೇಕಡಾ 0.9ರ ಸಲೈನ್ ಬಳಕೆಯಲ್ಲಿದೆ. ಇದರ ಜೊತೆಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳೂ ಇರುವ ರಿಂಗರ್ ಲ್ಯಾಕ್ಟೇಟ್, ಶೇಕಡಾ 5ರ ಡೆಕ್ಸ್‌ಟ್ರೋಸ್ ಮುಂತಾದವುಗಳಿವೆ.

ಇನ್ನು ಅಜ್ಜಿಯ ಮಾತಿಗೆ ಬರೋಣ. ಶೇಕಡಾ 5ರ ಡೆಕ್ಸ್‌ಟ್ರೋಸ್ ಇರುವ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರಿಂದ ಸಿಗುವ ಶಕ್ತಿ ಹೆಚ್ಚೆಂದರೆ 100 ಕಿಲೊಕ್ಯಾಲೊರಿ, ಒಂದು ಬಾಳೆಹಣ್ಣಿನಷ್ಟು. ಬಾಯಲ್ಲಿ ಗಂಜಿ ಕುಡಿಯಬಲ್ಲವನಿಗೆ ಬಾಟಲಿ ಹಾಕಿಸುವುದರಿಂದ 'ಶಕ್ತಿ' ಬರುವುದಿಲ್ಲ. ಬೇಡದ ದ್ರವ ಹೆಚ್ಚಾದರೆ, ಅದರಲ್ಲೂ ವೃದ್ಧರಿಗೆ ಮತ್ತು ಹೃದಯ ದುರ್ಬಲವಾದವರಿಗೆ, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟಕ್ಕೇ ತೊಂದರೆ ಆಗಬಹುದು.

ಬಾಗಿಲು ತೆರೆಯುವ ಮುನ್ನ

ಚರ್ಮ ನಮ್ಮ ದೇಹದ ಕೋಟೆಗೋಡೆ. ಅದರ ಮೇಲೆ ಸ್ಟೆಫೈಲೊಕಾಕಸ್‌ನಂಥ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ವಾಸವಾಗಿವೆ. ಹೊರಗಿದ್ದಾಗ ಅವು ನಿರುಪದ್ರವಿಗಳು. ಕ್ಯಾನುಲಾ ಹಾಕುವುದೆಂದರೆ ಆ ಗೋಡೆಗೆ ಕಿಂಡಿ ಕೊರೆದು, ರಕ್ತಕ್ಕೆ ನೇರ ದಾರಿ ಮಾಡಿದಂತೆ. ಹಾಗಾಗಿ ನರ್ಸ್ ಮೊದಲು ಮಾಡುವ ಕೆಲಸ ಕೈ ತೊಳೆಯುವುದು.

ಚರ್ಮವನ್ನು ಸ್ಪಿರಿಟ್‌ನಿಂದ ಅಥವಾ ಸ್ಪಿರಿಟ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸಿದ ಮೇಲೆ ಅರೆಗಳಿಗೆ ಕಾಯುವುದನ್ನು ನೀವು ನೋಡಿರಬಹುದು. ಅದು ತಡಮಾಡುವುದಲ್ಲ. ದ್ರವ ತಾನಾಗಿ ಆರುವಷ್ಟು ಹೊತ್ತು ಚರ್ಮದ ಮೇಲಿದ್ದರೆ ಮಾತ್ರ ರೋಗಾಣುಗಳು ಸಾಯುತ್ತವೆ. ಊದಿ ಆರಿಸಿದರೆ ಬಾಯಿಯ ರೋಗಾಣುಗಳು ಅಲ್ಲಿಗೆ ಬಂದು ಕೂರುತ್ತವೆ. ಒರೆಸಿದ ಜಾಗವನ್ನು ಬೆರಳಿನಿಂದ ಮತ್ತೆ ಮುಟ್ಟಿ ನೋಡಿದರೆ ಮಾಡಿದ್ದೆಲ್ಲ ವ್ಯರ್ಥ.

ಜಾಗದ ಆಯ್ಕೆಯಲ್ಲೂ ಲೆಕ್ಕಾಚಾರವಿದೆ. ಬಲಗೈಯಲ್ಲಿ ಬರೆಯುವವನಿಗೆ ಎಡಗೈ. ಮಣಿಕಟ್ಟು, ಮೊಣಕೈಗಳಂಥ ಮಡಿಸುವ ಕೀಲುಗಳಿಗಿಂತ ಮುಂಗೈಯ ನೇರ ಭಾಗ ಮೇಲು. ಮಡಿಸಿದಾಗಲೆಲ್ಲ ನಳಿಕೆ ಬಾಗಿ ನಾಳವನ್ನು ಉಜ್ಜುವುದು ಇಲ್ಲಿ ತಪ್ಪುತ್ತದೆ. ಡಯಾಲಿಸಿಸ್‌ಗಾಗಿ ನಾಳ ಜೋಡಿಸಿರುವ ಕೈಗೆ, ಸ್ತನದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ ಬದಿಯ ಕೈಗೆ ಸಾಮಾನ್ಯವಾಗಿ ಹಾಕುವುದಿಲ್ಲ. ಆ ಇತಿಹಾಸವಿದ್ದರೆ ರೋಗಿಯ ಕಡೆಯವರು ತಾವಾಗಿ ತಿಳಿಸುವುದು ಒಳ್ಳೆಯದು. ನಳಿಕೆ ಕೂತ ಮೇಲೆ ಪಾರದರ್ಶಕ ಪಟ್ಟಿ ಅಂಟಿಸುತ್ತಾರೆ. ಬಿಚ್ಚದೆಯೇ ಒಳಗಿನ ಚರ್ಮ ಕಾಣಲಿ ಎಂಬುದು ಉದ್ದೇಶ. ಹಾಕಿದ ದಿನಾಂಕ, ಸಮಯಗಳನ್ನು ಬರೆದಿಡುತ್ತಾರೆ.

ಹನಿಗಳ ಗಣಿತ

ಬಾಟಲಿಯನ್ನು ಎತ್ತರಕ್ಕೆ ಕಟ್ಟುವುದೇಕೆ? ಕೈಗಿಂತ ಒಂದು ಮೀಟರ್ ಎತ್ತರದ ನೀರಿನ ಕಂಬ ಸುಮಾರು 73 ಮಿಲಿಮೀಟರ್ ಪಾದರಸದಷ್ಟು ಒತ್ತಡ ಕೊಡುತ್ತದೆ. ಮಲಗಿದವನ ಕೈಯ ಅಭಿಧಮನಿಯಲ್ಲಿರುವ ಒತ್ತಡ ಹತ್ತರ ಆಸುಪಾಸು. ಈ ವ್ಯತ್ಯಾಸವೇ ದ್ರವವನ್ನು ಒಳಗೆ ತಳ್ಳುತ್ತದೆ. ರೋಗಿ ಎದ್ದು ಶೌಚಾಲಯಕ್ಕೆ ಹೋಗುವಾಗ ಬಾಟಲಿಯನ್ನು ಕೈಗಿಂತ ಕೆಳಗೆ ಹಿಡಿದರೆ ಒತ್ತಡ ತಿರುಗುಮುರುಗಾಗಿ ರಕ್ತ ಕೊಳವೆಯೊಳಗೆ ಬರುವುದೂ ಇದರಿಂದಲೇ.

ತಂದೆಯ ಹೆದರಿಕೆಗೂ ಉತ್ತರ ಇಲ್ಲಿದೆ. ಬಾಟಲಿ ಖಾಲಿಯಾದರೆ ಕೊಳವೆಯಲ್ಲಿ ದ್ರವದ ಮಟ್ಟ ಇಳಿಯುತ್ತ ಬಂದು, ನಾಳದ ಒತ್ತಡಕ್ಕೆ ಸಮನಾದಾಗ, ಅಂದರೆ ಕೈಗಿಂತ ಹತ್ತು ಹದಿನೈದು ಸೆಂಟಿಮೀಟರ್ ಮೇಲೆ, ಸಾಮಾನ್ಯವಾಗಿ ನಿಂತುಬಿಡುತ್ತದೆ. ಕೊಳವೆಯಲ್ಲಿ ಕಾಣುವ ಸಣ್ಣ ಗುಳ್ಳೆಗಳಿಂದಲೂ ಅನಾಹುತವಾಗುವುದಿಲ್ಲ. ಹಾಗೆಂದು ಉದಾಸೀನ ಸಲ್ಲದು. ಹರಿವು ನಿಂತ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆಗ ಹುಡುಗನಿಗೆ ಮತ್ತೊಮ್ಮೆ ಚುಚ್ಚಬೇಕು. ಹೆಚ್ಚು ಪ್ರಮಾಣದ ಗಾಳಿ ಅಪಾಯಕಾರಿಯೂ ಹೌದು. ಅದಕ್ಕೇ ನರ್ಸ್ ಕೊಳವೆಯ ಗಾಳಿಯನ್ನೆಲ್ಲ ಮೊದಲೇ ಹೊರಹಾಕಿ ಆಮೇಲೆ ಕೈಗೆ ಜೋಡಿಸುತ್ತಾರೆ. ಬಾಟಲಿ ಮುಗಿಯುವ ಮೊದಲೇ ಬದಲಿಸುತ್ತಾರೆ ಇಲ್ಲವೆ ನಿಲ್ಲಿಸುತ್ತಾರೆ.

ಹನಿಯ ವೇಗ ಮನಸ್ಸಿಗೆ ಬಂದಂತೆ ಇಡುವುದಲ್ಲ. ವೈದ್ಯರು 500 ಮಿಲಿಲೀಟರನ್ನು 4 ಗಂಟೆಗಳಲ್ಲಿ ಕೊಡಲು ಬರೆದಿದ್ದಾರೆ ಎನ್ನಿ. ದೊಡ್ಡವರ ಸಾಮಾನ್ಯ ಸೆಟ್‌ನಲ್ಲಿ 20 ಹನಿಗೆ ಒಂದು ಮಿಲಿಲೀಟರ್. ಅಂದರೆ 500 ಮಿಲಿಲೀಟರಿಗೆ 10,000 ಹನಿ. ನಾಲ್ಕು ಗಂಟೆಗೆ 240 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ನರ್ಸ್ ಗಡಿಯಾರ ನೋಡುತ್ತ ತುಟಿಯಲ್ಲೇ ಎಣಿಸುವುದು ಇದನ್ನೇ. ಮಕ್ಕಳಿಗೆ 60 ಹನಿಗೆ ಒಂದು ಮಿಲಿಲೀಟರ್ ಆಗುವ ಸೂಕ್ಷ್ಮ ಸೆಟ್ ಬಳಸುತ್ತಾರೆ. ಅಲ್ಲಿ ಒಂದು ಹನಿಯ ತಪ್ಪೂ ಚಿಕ್ಕದಾಗಿರಲಿ ಎಂದು.

ಇಲ್ಲಿ ಮನೆಯವರು ಮಾಡುವ ತಪ್ಪೊಂದಿದೆ. "ಬೇಗ ಮುಗಿದರೆ ಬೇಗ ಮನೆಗೆ ಹೋಗಬಹುದು" ಎಂದೋ, "ಹನಿ ನಿಧಾನವಾಯಿತು" ಎಂದೋ ಕೊಳವೆಯ ಮೇಲಿನ ಪುಟ್ಟ ಚಕ್ರವನ್ನು ತಾವೇ ತಿರುಗಿಸುತ್ತಾರೆ. ಆ ಬಾಟಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರಬಹುದು. ನಿಧಾನವಾಗಿ ಹೋದರೆ ಅದು ಔಷಧಿ; ಒಮ್ಮೆಗೇ ನುಗ್ಗಿದರೆ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ಆ ಚಕ್ರ ಮನೆಯವರ ಬೆರಳಿಗಾಗಿ ಇರುವುದಲ್ಲ.

ಔಷಧಿಗೆ ಮುಂಚೆ, ಔಷಧಿಯ ನಂತರ

ಪ್ರತಿ ಬಾರಿ ಇಂಜೆಕ್ಷನ್ ಕೊಡುವ ಮೊದಲು ನಳಿಕೆಯ ಬಾಯಿಯನ್ನು ಸ್ಪಿರಿಟ್‌ನಿಂದ ಗಟ್ಟಿಯಾಗಿ ಉಜ್ಜಿ ಆರಲು ಬಿಡಬೇಕು. ಆಮೇಲೆ ಸ್ವಲ್ಪ ಸಲೈನ್ ತಳ್ಳಿ ದಾರಿ ಸರಾಗವಾಗಿದೆಯೇ ಎಂದು ನೋಡಬೇಕು. ಔಷಧಿ ಮುಗಿದ ಮೇಲೆ ಮತ್ತೆ ಸಲೈನ್. ದಾರಿ ಬಿಗಿಯಾಗಿದ್ದರೆ ಬಲವಾಗಿ ತಳ್ಳುವಂತಿಲ್ಲ. ಹೆಪ್ಪುಗಟ್ಟಿದ ರಕ್ತ ಒಳಗೆ ಹೋಗಬಹುದು, ನಾಳ ಒಡೆಯಬಹುದು.

ನಡುವೆ ಸಲೈನ್‌ನಿಂದ ತೊಳೆಯುವುದಕ್ಕೆ ರಸಾಯನಶಾಸ್ತ್ರದ ಕಾರಣವೂ ಇದೆ. ಪ್ರಯೋಗಶಾಲೆಯಲ್ಲಿ ಎರಡು ತಿಳಿಯಾದ ದ್ರಾವಣಗಳನ್ನು ಬೆರೆಸಿದಾಗ ಬಿಳಿಯ ಒತ್ತರ ಉಂಟಾಗುವುದನ್ನು ವಿದ್ಯಾರ್ಥಿಗಳು ಕಂಡಿರುತ್ತಾರೆ. ಸೆಫ್ಟ್ರಿಯಾಕ್ಸೋನ್ ಎಂಬ, ಶಸ್ತ್ರಚಿಕಿತ್ಸಾ ವಾರ್ಡುಗಳಲ್ಲಿ ಬಹಳ ಬಳಕೆಯಲ್ಲಿರುವ ಔಷಧಿ ಕ್ಯಾಲ್ಸಿಯಂ ಜೊತೆ ಸೇರಿದರೆ ಹೀಗೆಯೇ ಒತ್ತರವಾಗುತ್ತದೆ. ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇದೆ. ಒಂದೇ ಕೊಳವೆಯಲ್ಲಿ ಎರಡೂ ಬೆರೆತರೆ, ಗಾಜಿನ ನಳಿಕೆಯಲ್ಲಿ ನೋಡಿ ಸಂತೋಷಪಡುವ ಆ ಒತ್ತರ ರೋಗಿಯ ರಕ್ತದೊಳಗೆ ಹೋಗುತ್ತದೆ. ನವಜಾತ ಶಿಶುಗಳಿಗಂತೂ ಇದು ಮಾರಕ.

ರಾತ್ರಿ ಎರಡು ಗಂಟೆಗೆ

ಈಗ ಹುಡುಗನ ಮಂಚಕ್ಕೆ ಮರಳೋಣ. ಎರಡನೆಯ ರಾತ್ರಿ. ಕೈಯಲ್ಲಿ ಏನೋ ಬಿಗಿದಂತೆ ಅವನಿಗೆ ಅನಿಸುತ್ತಿದೆ. ಹೇಳಿದರೆ ಬಿಚ್ಚಿ ಮತ್ತೆ ಚುಚ್ಚುತ್ತಾರೆ. ಆದ್ದರಿಂದ ಹೊದಿಕೆಯೊಳಗೆ ಕೈ ಬಚ್ಚಿಟ್ಟುಕೊಂಡಿದ್ದಾನೆ. ತಾಯಿಗೆ ಜೋಂಪು ಹತ್ತಿದೆ. ಟಾರ್ಚ್ ಹಿಡಿದು ಬಂದ ಸಿಸ್ಟರ್, "ಏನು ಪುಟ್ಟಾ, ಕೈ ನೋಯ್ತಾ ಇದೆಯಾ?" ಎಂದರೆ, "ಇಲ್ಲ ಸಿಸ್ಟರ್."

ಅವರು ಉತ್ತರವನ್ನು ನಂಬಿ ಮುಂದೆ ಹೋಗುವುದಿಲ್ಲ. ಹೊದಿಕೆ ಸರಿಸಿ ಎರಡೂ ಕೈಗಳನ್ನು ಪಕ್ಕಪಕ್ಕದಲ್ಲಿಟ್ಟು ಮುಟ್ಟಿ ನೋಡುತ್ತಾರೆ. ಎಡಗೈ ಊದಿದೆ, ಚರ್ಮ ಬಿಗಿಯಾಗಿದೆ, ತಣ್ಣಗಿದೆ. ನಳಿಕೆ ನಾಳದಿಂದ ಜಾರಿ, ದ್ರವ ಸುತ್ತಲಿನ ಮಾಂಸದೊಳಗೆ ಸೇರುತ್ತಿದೆ ಎಂಬುದರ ಗುರುತು ಇದು. ಹನಿ ಬೀಳುತ್ತಲೇ ಇರಬಹುದು. ಹನಿ ಬೀಳುತ್ತಿದೆ ಎಂದ ಮಾತ್ರಕ್ಕೆ ಅದು ರಕ್ತಕ್ಕೆ ಸೇರುತ್ತಿದೆ ಎಂದರ್ಥವಲ್ಲ. ಸಿಸ್ಟರ್ ತಕ್ಷಣ ಹರಿವು ನಿಲ್ಲಿಸಿ, ನಳಿಕೆ ತೆಗೆದು, ಕೈಯನ್ನು ದಿಂಬಿನ ಮೇಲೆ ಎತ್ತರಿಸಿ ಇಡುತ್ತಾರೆ. ಹೋಗುತ್ತಿದ್ದುದು ಸಲೈನ್ ಆದರೆ ಊತ ತಾನಾಗಿ ಇಳಿಯುತ್ತದೆ. ಕ್ಯಾಲ್ಸಿಯಂ, ಗಟ್ಟಿ ಪೊಟ್ಯಾಸಿಯಂ ಅಥವಾ ಕೆಲವು ಕ್ಯಾನ್ಸರ್ ಔಷಧಿಗಳಾದರೆ ಆ ಜಾಗದ ಚರ್ಮ, ಮಾಂಸ ಕೊಳೆಯುವ ಸಾಧ್ಯತೆ ಇದೆ. ಆಗ ಪ್ರತಿ ನಿಮಿಷವೂ ಅಮೂಲ್ಯ. ವೈದ್ಯರನ್ನು ಕೂಡಲೇ ಕರೆಸಬೇಕಾಗುತ್ತದೆ.

ಊತದಲ್ಲಿ ಇನ್ನೊಂದು ಬಗೆ ಇದೆ. ಅದರಲ್ಲಿ ಕೈ ತಣ್ಣಗಿರದೆ ಬಿಸಿಯಾಗಿರುತ್ತದೆ, ಕೆಂಪಾಗಿರುತ್ತದೆ, ಮುಟ್ಟಿದರೆ ನೋವು. ಇದು ನಾಳದ ಉರಿಯೂತ. ನಳಿಕೆಯ ಉಜ್ಜಾಟದಿಂದ, ತೀಕ್ಷ್ಣವಾದ ಔಷಧಿಗಳಿಂದ ಅಥವಾ ಬ್ಯಾಕ್ಟೀರಿಯಾಗಳಿಂದ ಬರಬಹುದು. ಇಂಗ್ಲೆಂಡಿನ ನರ್ಸ್ ಆಂಡ್ರ್ಯೂ ಜಾಕ್ಸನ್ 1998ರಲ್ಲಿ ಪ್ರಕಟಿಸಿದ ಅಳತೆಪಟ್ಟಿಯೊಂದು ಹಲವು ದೇಶಗಳ ವಾರ್ಡುಗಳಲ್ಲಿ ಬಳಕೆಯಾಗುತ್ತಿದೆ. ಅದರಲ್ಲಿ ಸೊನ್ನೆಯಿಂದ ಐದರವರೆಗೆ ಅಂಕಗಳಿವೆ. ಏನೂ ಇಲ್ಲದಿದ್ದರೆ ಸೊನ್ನೆ. ಸ್ವಲ್ಪ ನೋವೋ ಸ್ವಲ್ಪ ಕೆಂಪೋ ಇದ್ದರೆ ಒಂದು. ನೋವು, ಕೆಂಪು, ಊತ ಇವುಗಳಲ್ಲಿ ಎರಡು ಕಂಡರೆ ಎರಡು. ಅಲ್ಲಿಗೆ ನಳಿಕೆ ತೆಗೆಯಲೇಬೇಕು. ನಾಳ ಹಗ್ಗದಂತೆ ಗಟ್ಟಿಯಾಗಿ ಕೈಗೆ ಸಿಕ್ಕರೆ ನಾಲ್ಕು, ಜೊತೆಗೆ ಜ್ವರವೂ ಬಂದರೆ ಐದು. ಶಾಲೆಯ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದರೆ ಸಂತೋಷ. ಇಲ್ಲಿ ಸೊನ್ನೆಯೇ ಶ್ರೇಷ್ಠ.

ಎಷ್ಟು ದಿನ ಇರಬಹುದು?

ಕ್ಯಾನುಲಾವನ್ನು ಮೂರು ನಾಲ್ಕು ದಿನಕ್ಕೊಮ್ಮೆ, ಚೆನ್ನಾಗಿದ್ದರೂ, ಬದಲಿಸಬೇಕೆಂಬ ಪದ್ಧತಿ ಬಹುಕಾಲ ನಡೆದುಬಂದಿತ್ತು. ಇದು ನಿಜಕ್ಕೂ ಬೇಕೇ ಎಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಕ್ಲೇರ್ ರಿಕಾರ್ಡ್ ಮತ್ತು ಸಂಗಡಿಗರು 3,283 ರೋಗಿಗಳಲ್ಲಿ ಪರೀಕ್ಷಿಸಿದರು. ರಿಕಾರ್ಡ್ ಅವರದು ಶುಶ್ರೂಷಾ ವಿಜ್ಞಾನದ ಕ್ಷೇತ್ರ. ಒಂದು ಗುಂಪಿಗೆ ಮೂರನೆಯ ದಿನ ತಪ್ಪದೆ ಬದಲಾವಣೆ. ಇನ್ನೊಂದು ಗುಂಪಿಗೆ ತೊಂದರೆ ಕಂಡಾಗ ಮಾತ್ರ. 2012ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಎರಡೂ ಗುಂಪುಗಳಲ್ಲಿ ಉರಿಯೂತ ಶೇಕಡಾ 7ರಷ್ಟೇ. ಸುಮ್ಮನೆ ಮತ್ತೆ ಚುಚ್ಚುವುದರಿಂದ ಲಾಭವಿಲ್ಲ ಎಂದಾಯಿತು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಸ್ವಿಟ್ಜರ್‌ಲೆಂಡಿನ ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಗಳು ನಿಗದಿತ ಬದಲಾವಣೆಯನ್ನು ಕೈಬಿಟ್ಟಾಗ ರಕ್ತದ ಸೋಂಕು ಹೆಚ್ಚಿತು. ಹಳೆಯ ಪದ್ಧತಿಗೆ ಮರಳಿದಾಗ ಇಳಿಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಕ್ಯಾನುಲಾಗಳ ಈ ವರದಿ ಪ್ರಕಟವಾದದ್ದು 2021ರಲ್ಲಿ. ಒಂದು ಅಧ್ಯಯನದ ಎಚ್ಚರದ ವಾತಾವರಣದಲ್ಲಿ ಕಂಡದ್ದು ದಿನನಿತ್ಯದ ಗಡಿಬಿಡಿಯ ವಾರ್ಡಿನಲ್ಲೂ ಹಾಗೆಯೇ ಇರುತ್ತದೆಂದು ಹೇಳಲಾಗದು. ಆದ್ದರಿಂದ ಕೆಲವು ಆಸ್ಪತ್ರೆಗಳು ದಿನದ ಲೆಕ್ಕ ಇಟ್ಟುಕೊಂಡಿವೆ, ಕೆಲವು ಬಿಟ್ಟಿವೆ. ಎರಡೂ ಕಡೆ ಒಪ್ಪಿತವಾದ ಮಾತೆಂದರೆ, ಪ್ರತಿ ಪಾಳಿಯಲ್ಲೂ ಆ ಜಾಗವನ್ನು ನೋಡಲೇಬೇಕು. ಬೇಡವಾದ ಕ್ಯಾನುಲಾವನ್ನು ಆ ದಿನವೇ ತೆಗೆಯಬೇಕು. "ಇರಲಿ, ನಾಳೆ ಬೇಕಾಗಬಹುದು" ಎಂದು ಬಿಟ್ಟ ನಳಿಕೆ ರೋಗಾಣುಗಳಿಗೆ ತೆರೆದಿಟ್ಟ ಬಾಗಿಲು.

ಕೊನೆಯ ಹತ್ತಿಯುಂಡೆ

ಹುಡುಗ ಈಗ ಗಂಜಿ ಕುಡಿಯುತ್ತಿದ್ದಾನೆ, ಮಾತ್ರೆ ನುಂಗುತ್ತಿದ್ದಾನೆ. ಕ್ಯಾನುಲಾದ ಕೆಲಸ ಮುಗಿಯಿತು. ಸಿಸ್ಟರ್ ಪಟ್ಟಿ ಬಿಡಿಸಿ, ನಳಿಕೆಯನ್ನು ಮೆಲ್ಲಗೆ ಎಳೆದು, ಒಣ ಹತ್ತಿಯುಂಡೆಯಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯುತ್ತಾರೆ. ಹೊರಬಂದ ನಳಿಕೆ ಪೂರ್ತಿ ಇದೆಯೇ ಎಂದು ಅದರ ತುದಿಯನ್ನು ನೋಡಿ, ತೆಗೆದ ವೇಳೆಯನ್ನು ಬರೆಯುತ್ತಾರೆ.

ಅವರ ಸ್ವಂತ ಸುರಕ್ಷತೆಯ ಪ್ರಶ್ನೆಯೂ ಇಲ್ಲಿದೆ. ಬಳಸಿದ ಸೂಜಿಯೊಂದು ಬೆರಳಿಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ತಗಲುವ ಭಯ. ಆದ್ದರಿಂದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ನಮ್ಮ ದೇಶದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿಗೆ, ಪ್ಲಾಸ್ಟಿಕ್ ಕೊಳವೆಗಳು ಕೆಂಪು ಚೀಲಕ್ಕೆ ಹೋಗಬೇಕು. ಮನೆಯವರು ತಿಂಡಿಯ ಪೊಟ್ಟಣ, ಬಾಳೆಹಣ್ಣಿನ ಸಿಪ್ಪೆಗಳನ್ನು ಆ ಡಬ್ಬಿಗಳಿಗೆ ಹಾಕದಿದ್ದರೆ ಅದೇ ದೊಡ್ಡ ಉಪಕಾರ.

ನರ್ಸಿಂಗ್ ಎಂದರೆ ಇಂಜೆಕ್ಷನ್ ಕೊಡುವ ಕೆಲಸ ಎಂದು ಮೂಗು ಮುರಿಯುವ ಪೋಷಕರು ಇಂದಿಗೂ ಇದ್ದಾರೆ. ಪ್ವಾಸೂಯಿಯ ನಿಯಮ, ಪರಾಸರಣ, ಒತ್ತರ, ಬ್ಯಾಕ್ಟೀರಿಯಾ, ಭಾಗಾಕಾರ ಎಲ್ಲವೂ ನಡುರಾತ್ರಿ ಒಂದೇ ಮಂಚದ ಪಕ್ಕದಲ್ಲಿ ಬೇಕಾಗುವ ವೃತ್ತಿ ಇದು. ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಓದಿದವರು ಇದನ್ನೆಲ್ಲ ಕಲಿತೇ ಬಂದಿರುತ್ತಾರೆ. ಪುಸ್ತಕದಿಂದ ಕಲಿಯಲಾಗದ್ದು ಒಂದೇ: "ಇಲ್ಲ ಸಿಸ್ಟರ್" ಎಂದ ಹುಡುಗನ ಹೊದಿಕೆಯನ್ನು ಸರಿಸಿ ನೋಡುವ ಅಭ್ಯಾಸ.

ರೋಗಿಯ ಜೊತೆಗಿರುವವರಿಗೆ

* ನಳಿಕೆಯ ಜಾಗದಲ್ಲಿ ನೋವು, ಉರಿ, ಊತ, ಕೆಂಪು, ತೇವ ಕಂಡರೆ ಬೆಳಗಾಗಲೆಂದು ಕಾಯದೆ ಕೂಡಲೇ ನರ್ಸ್‌ಗೆ ತಿಳಿಸಿ.

* ಹನಿಯ ವೇಗವನ್ನು ನೀವಾಗಿ ಹೆಚ್ಚು ಕಡಿಮೆ ಮಾಡಬೇಡಿ.

* ಬಾಟಲಿ ಮುಗಿಯುವ ಮುಂಚೆಯೇ ಹೇಳಿ. ನಡೆಯುವಾಗ ಅದನ್ನು ಕೈಗಿಂತ ಎತ್ತರದಲ್ಲಿ ಹಿಡಿಯಿರಿ.

* ಸ್ನಾನ ಮಾಡಿಸುವಾಗ, ಮೈ ಒರೆಸುವಾಗ ಪಟ್ಟಿ ಒದ್ದೆಯಾಗದಂತೆ ನೋಡಿಕೊಳ್ಳಿ. ಅಂಚು ಬಿಟ್ಟುಕೊಂಡರೆ ಬದಲಿಸಲು ಹೇಳಿ.

* "ಇದು ಇನ್ನೂ ಬೇಕೇ?" ಎಂದು ದಿನಕ್ಕೊಮ್ಮೆ ಕೇಳಿ. ಕೇಳುವುದು ತಪ್ಪಲ್ಲ.

* ಮನೆಗೆ ಬಂದ ಮೇಲೂ ಎರಡು ದಿನ ಆ ಜಾಗವನ್ನು ಗಮನಿಸಿ. ಕೆಂಪು, ಗಂಟು, ಜ್ವರ ಕಂಡರೆ ಆಸ್ಪತ್ರೆಗೆ ಹೋಗಿ.

* ಮಕ್ಕಳಿಗೆ ಮೊದಲೇ ತಿಳಿಸಿ ಹೇಳಿ: ಒಳಗೆ ಸೂಜಿ ಇಲ್ಲ, ಕೈ ಅಲ್ಲಾಡಿಸಬಹುದು, ನೋವಾದರೆ ಮುಚ್ಚಿಡದೆ ಹೇಳಬೇಕು.